ಅಪ್ಪನ ತಗಡು ಕತ್ತರಿ

ಸ್ಟೋರ್ ರೂಮಿನ ಬಾಗಿಲಲ್ಲಿ ಇಲಿ ಕೊರೆದ ತೂತು ಮುಚ್ಚೋಣ ಅಂತ ಇವತ್ತು ಅಪ್ಪನ ಹಳೇ ಕತ್ತರಿ ಹಿಡಿದು ತಗಡು ಕತ್ತರಿಸೋಕೆ ಕೂತೆ. ಕತ್ತರಿಗೆ ಸವರಿದ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರು ಯಗಟಿಯ ಕೊಟ್ಟಿಗೆ ಮೂಲೆ ಕಣ್ಮುಂದೆ ಬಂತು.

ತೆಂಗಿನ ತೋಟದ ಕೆಲಸ ಮುಗಿದ ಮೇಲೆ ಅಪ್ಪ ಅಲ್ಲಿ ಕೂತು ತಗಡಲ್ಲಿ ಲಾಳಿಕೆ, ರಾಗಿ ಡಬ್ಬದ ಮುಚ್ಚಳ ಮಾಡೋರು. ಮೊಳೆಯಲ್ಲಿ ಗೆರೆ ಗೀರಿ, ಕತ್ತರಿಯ ಬಾಯಿ ಪೂರ್ತಿ ಮುಚ್ಚೋಕೆ ಬಿಡದೆ ಮುಂದಕ್ಕೆ ತಳ್ಳೋರು.

"ಬಾಯಿ ಮುಚ್ಚಿದ್ರೆ ಟಕ್ ಅಂತದೆ ಕಣೇ. ಅಲ್ಲೇ ಅಂಚಲ್ಲಿ ಮುಳ್ಳು ಏಳ್ತದೆ, ಕೈ ಸೀಳ್ತದೆ" ಅನ್ನೋರು. ಅವರು ಕತ್ತರಿಸಿದ ಅಂಚಿನ ಮೇಲೆ ನಾನು ಧೈರ್ಯವಾಗಿ ಬೆರಳಾಡಿಸ್ತಿದ್ದೆ.

ಒಂದು ಸಂಜೆ ಅಮ್ಮ ಒಳಗೆ ರಾಗಿ ಬೀಸ್ತಿದ್ಲು. ಕೊಟ್ಟಿಗೆಯಿಂದ ಟಕ್ ಅಂತ ಕೇಳಿಸ್ತು. ಬೀಸೋ ಕಲ್ಲು ನಿಂತ್ಹೋಯ್ತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್.

"ಏನಾಯ್ತ್ರೀ?" ಅಂದ್ಲು ಅಮ್ಮ.

"ಏನಿಲ್ಲ ಕಣೇ, ತಗಡು ಸರಿಯಿಲ್ಲ."

ನಾನು ಹೋಗಿ ನೋಡಿದೆ. ತಗಡು ಯಾವತ್ತಿನದೇ. ಅಪ್ಪನ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ಅದುರ್ತಿತ್ತು. ನನ್ನನ್ನ ಕಂಡದ್ದೇ ಅದನ್ನ ಪಂಚೆ ಮಡಿಕೆಯೊಳಗೆ ಮುಚ್ಚಿಕೊಂಡ್ರು. ನಾನು ಹೈಸ್ಕೂಲು ಮುಗಿಸೋ ಹೊತ್ತಿಗೆ ಆ ನಡುಕ ತೋಳಿಗೇರಿತ್ತು. ಮುದ್ದೆ ಮುರಿದು ಅವರ ಬಾಯಿಗಿಡೋ ಕೆಲಸ ಅಮ್ಮಂದಾಯ್ತು.

ಇವತ್ತು ಗೀರಿದ ಗೆರೆಯ ಅರ್ಧದವರೆಗೂ ಸಲೀಸಾಗಿ ಬಂದಿದ್ದೆ. ಆಮೇಲೆ ಟಕ್ ಅಂತು.

"ಅಮ್ಮಾ, ಏನಾಯ್ತು?" ಒಳಗಿಂದ ಮಗಳು ಕೂಗಿದಳು.

ತನ್ನಷ್ಟಕ್ಕೆ ಅದುರ್ತಿದ್ದ ಹೆಬ್ಬೆರಳಿಗೆ ಸೆರಗು ಸುತ್ತಿಕೊಂಡೆ.

"ಏನಿಲ್ಲ ಕಣೇ, ತಗಡು ಸರಿಯಿಲ್ಲ."