ಕಣದಲ್ಲಿ ಧ್ವಜ ಏರಿಸಿದವನು

ಅಣ್ಣ ನಮ್ಮೊಂದಿಗಿದ್ದ ಕೊನೆಯ ಪೂರ್ತಿ ದಿನ ಸ್ವಾತಂತ್ರ್ಯ ದಿನಾಚರಣೆಯದು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಮಲ್ಲಂದೂರಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಚಿಕ್ಕಮಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣ ಹಿಂದಿನ ಸಂಜೆ ತನ್ನ ರೂಮಿನ ಗೆಳೆಯನನ್ನು ಮನೆಗೆ ಕರೆತಂದಿದ್ದ. ಗೆಳೆಯ ತಾಂಜಾನಿಯಾದವನು, ಓದಲೆಂದು ಬಂದವನು. ಅಣ್ಣ ಕರೆಯುವುದನ್ನು ಕೇಳಿ ಅವನೂ ಅಪ್ಪನನ್ನು ‘ಅಪ್ಪ’ ಎನ್ನುತ್ತಿದ್ದ.

ಪ್ರತಿವರ್ಷ ಕಾಫಿ ಒಣಗಿಸುವ ಕಣದಲ್ಲಿ ಧ್ವಜ ಏರಿಸುತ್ತಿದ್ದುದು ಅಪ್ಪ. ಆ ಸಲ, “ಅಷ್ಟು ದೂರದಿಂದ ಬಂದಿದಾನೆ, ಅವನೇ ಏರಿಸ್ಲಿ” ಎಂದು ಹಗ್ಗವನ್ನು ಅವನ ಕೈಗೆ ಕೊಟ್ಟರು. ಮಳೆಗೆ ಹಗ್ಗ ಉಬ್ಬಿತ್ತು. ಎಷ್ಟು ಜಗ್ಗಿದರೂ ಮೇಲಿನ ಗಂಟು ಬಿಚ್ಚಲಿಲ್ಲ.

“ಎಳೀರಿ ಮಾರಾಯ್ರೆ, ಹೆಣ್ಣು ನೋಡಕ್ಕೆ ಬಂದಂಗೆ ನಿಂತಿದೀರಲ್ಲ!” ಎಂದ ತೋಟದ ಮೇಸ್ತ್ರಿ.

“ಗಂಟು ಹಾಕಿದ್ದು ನೀವು, ಬೈಸ್ಕೊಳ್ಳೋದು ಅವನಾ?” ಎನ್ನುತ್ತ ಅಣ್ಣ ಹಣ್ಣು ಕೀಳುವ ದೋಟಿ ತಂದು ಮೇಲಕ್ಕೆ ಚುಚ್ಚಿದ. ಧ್ವಜ ಬಿಚ್ಚಿಕೊಂಡಿತು. ಒಳಗಿಟ್ಟಿದ್ದ ಡೇರೆ ಹೂವಿನ ಎಸಳುಗಳು ಉದುರುವ ಬದಲು ಒಂದೇ ಒದ್ದೆ ಮುದ್ದೆಯಾಗಿ ಗೆಳೆಯನ ತಲೆಯ ಮೇಲೆ ಬಿದ್ದವು.

ರಾಷ್ಟ್ರಗೀತೆ ಮುಗಿದ ಮೇಲೆ ಅವನು, “ನಮ್ಮಲ್ಲಿ ಸ್ವಾತಂತ್ರ್ಯದ ದಿನ ಕುಣೀತಾರೆ” ಎಂದು ಕನ್ನಡದಲ್ಲೇ ಹೇಳಿ, ಕೂಲಿಯವರ ಲೈನ್‌ಮನೆಯ ಮಕ್ಕಳನ್ನು ಕಟ್ಟಿಕೊಂಡು ಕಣದ ತುಂಬ ಕುಣಿದ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸಿಗೆಂದು ತೋಟದ ದಾರಿಯಲ್ಲಿ ಹೊರಟಿದ್ದರು. ಗಾಳಿಗೆ ಸಿಲ್ವರ್ ಮರದ ಕೊಂಬೆ ಮುರಿದು ಅಣ್ಣನ ಮೇಲೆ ಬಿತ್ತು. ಅಣ್ಣನನ್ನು ಎತ್ತಿಕೊಂಡು ಮಳೆಯಲ್ಲಿ ರಸ್ತೆಯವರೆಗೆ ಓಡಿದ್ದು ಆ ಗೆಳೆಯನೇ. ಜೀಪು ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಸಂಜೆ ಚಟ್ಟ ಎತ್ತುವ ಹೊತ್ತಿಗೆ ಅವನು ಮುಂದೆ ಬಂದ. ಅವನ ಅಂಗಿಯ ಮೇಲೆ ಅಣ್ಣನ ರಕ್ತ ಹಾಗೆಯೇ ಇತ್ತು.

“ಅಪ್ಪಾ, ನಾನೂ ಹೆಗಲು ಕೊಡ್ತೀನಿ.”

ದೊಡ್ಡಪ್ಪ ಅಪ್ಪನ ಕಡೆ ತಿರುಗಿದರು. “ಬೇಡ ಕಣೋ. ನಮ್ಮವರೇ ಇದಾರಲ್ಲ. ನಾಳೆ ನೆಂಟರೆಲ್ಲ ಏನಂತಾರೆ?”

ಅಪ್ಪ ನೆಲ ನೋಡುತ್ತ ನಿಂತರು. ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಅವನು ಸ್ವಲ್ಪ ಹೊತ್ತು ಕಾದು ಹಿಂದಕ್ಕೆ ಸರಿದ. ಗಂಡಸರೆಲ್ಲ ಇಳಿಜಾರಿನಲ್ಲಿ ಮರೆಯಾದ ಮೇಲೆ, ಯಾರಿಗೂ ಹೇಳದೆ ಬ್ಯಾಗು ಹಾಕಿಕೊಂಡು ಮಲ್ಲಂದೂರಿನ ಕಡೆ ನಡೆದುಹೋದ. ಹೆಂಗಸರ ಜೊತೆ ಮನೆಯಲ್ಲುಳಿದಿದ್ದ ನಾನು ಕಿಟಕಿಯಿಂದ ನೋಡಿದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಪ್ಪ ಚಿಕ್ಕಮಗಳೂರಿಗೆ ಹೋಗಿ ಅವನನ್ನು ಕಂಡು ಬಂದರು. “ಕೋಪ ಇಲ್ಲ ಅಂದ. ಕಾಫಿ ಕೊಡಿಸ್ದ. ಮನೆಗೆ ಬಾ ಅಂದಾಗ ಮಾತ್ರ ದುಡ್ಡು ಕೊಡಕ್ಕೆ ಅಂತ ಎದ್ದು ಹೋದ” ಎಂದರು. ಓದು ಮುಗಿಸಿ ಅವನು ತನ್ನ ದೇಶಕ್ಕೆ ಹೋದನೆಂದು ಆಮೇಲೆ ಯಾರೋ ಹೇಳಿದರು.

ಈಗ ಅಪ್ಪನೂ ಇಲ್ಲ. ಅಣ್ಣನನ್ನು ಸುಟ್ಟ ಜಾಗವನ್ನು, ಅವನನ್ನು ಎತ್ತಿಕೊಂಡು ಓಡಿದ ಆ ಗೆಳೆಯ ಇನ್ನೂ ನೋಡಿಲ್ಲ.