ಲಿಫ್ಟ್ ಕಾಕಾನ ಕಿವಿ ಮತ್ತು ನನ್ನ ನೀಲಿ ಪರದೆ

ಆಂಟಾಪ್ ಹಿಲ್‌ನ ಒಂದು ಬಿಲ್ಡಿಂಗಿನ ಕೆಳಮಹಡಿಯಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಬೋರ್ಡು ನೋಡಿದವರು ಡಾಕ್ಟರ್ ಅನ್ನುತ್ತಾರೆ, ನಾನು ಡಾಕ್ಟರಲ್ಲ. ಕಿವಿ ಎಷ್ಟು ಕೇಳುತ್ತದೆಂದು ಅಳೆದು, ಕಿವಿಯ ಮಶೀನು ಕೊಟ್ಟು, ಅದನ್ನು ಅವರವರ ಕಿವಿಗೆ ಹೊಂದಿಸಿಕೊಡುವುದು ನನ್ನ ಕೆಲಸ. ಉಳಿದ ಹೊತ್ತೆಲ್ಲ ಅವರ ಮನೆಯವರ ಜೊತೆ ಜಗಳ. ಅಪ್ಪನ ಕಿವಿಗೆ ಬಾಯಿಟ್ಟು ಕಿರುಚುವ ಮಗ, ಅತ್ತೆಯ ಮುಂದೆ ಗಂಟಲು ಹರಿದುಕೊಳ್ಳುವ ಸೊಸೆ, ಎಲ್ಲರಿಗೂ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ: ಕೂಗಬೇಡಿ ಮಾರಾಯ್ರೆ, ನಿಧಾನ ಮಾತಾಡಿ. ಕೂಗಿದರೆ ಸದ್ದು ದೊಡ್ಡದಾಗುತ್ತದೆ, ಮಾತು ತಿಳಿಯುವುದಿಲ್ಲ. ಹೂಂ ಎಂದು ತಲೆಯಾಡಿಸಿ, ಬಾಗಿಲು ದಾಟುವ ಮೊದಲೇ ಮತ್ತೆ ಕೂಗಲು ಶುರು ಮಾಡುತ್ತಾರೆ.

ಜೋಗೇಶ್ವರಿಯಿಂದ ಹಾರ್ಬರ್ ಲೋಕಲ್ ಹಿಡಿದು ವಡಾಲಾದಲ್ಲಿ ಇಳಿದು ನನ್ನಲ್ಲಿಗೆ ಬರುವ ಒಬ್ಬರನ್ನು ನಾನು ಲಿಫ್ಟ್ ಕಾಕಾ ಎಂದು ಕರೆಯುತ್ತೇನೆ. ವಿಜಯಪುರದ ಕಡೆಯವರು. ವಯಸ್ಸು ಅರವತ್ತು ದಾಟಿದೆ. ಮುಂಬಯಿಯ ಹಳೆಯ ಬಿಲ್ಡಿಂಗುಗಳಲ್ಲಿ ಜಾಲರಿ ಬಾಗಿಲು ಎಳೆದು ಮುಚ್ಚುವ ಲಿಫ್ಟುಗಳಿವೆಯಲ್ಲ, ಅವನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಲಿಫ್ಟಿನ ರೋಗವನ್ನು ಅವರು ಕೇಳಿಯೇ ಹಿಡಿಯುವುದು. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದಿರುವ ಮಶೀನಿಗೆ ತಾಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಎಷ್ಟೋ ವರ್ಷ ಮೋಟರ್ ರೂಮುಗಳ ಗದ್ದಲದಲ್ಲಿ ಕಳೆದದ್ದೇ ಅವರ ಕಿವಿಗೆ ಮುಳುವಾಯಿತು. ಆದರೂ ಮೋಟರುಗಳ ಮೇಲೆ ಅವರಿಗೆ ಒಂದಿಷ್ಟೂ ಸಿಟ್ಟಿಲ್ಲ.

ಅವರ ಕಿವಿಯ ಮಶೀನು ಹನ್ನೊಂದು ವರ್ಷ ಹಳೆಯದು. ಹೊಸದು ತಗೊಳ್ಳಿ ಎಂದು ನಾನೂ ಹೇಳಿ ನೋಡಿದ್ದೆ, ಒಂದು ತಿಂಗಳು ಹಾಕಿಸಿಯೂ ನೋಡಿದ್ದೆ. ಹೊಸ ಮಶೀನುಗಳು ಜಾಣ. ಮನುಷ್ಯರ ಮಾತನ್ನು ಎತ್ತಿ ಕೊಡುತ್ತವೆ, ಮೋಟರು ಫ್ಯಾನುಗಳ ಸದ್ದನ್ನು ಕಸವೆಂದು ಗುಡಿಸಿ ಹಾಕುತ್ತವೆ. ಕಾಕಾನಿಗೆ ಬೇಕಾಗಿದ್ದದ್ದು ಆ ಕಸವೇ. ಹಾಗಾಗಿ ಹಳೆಯದರಲ್ಲೇ ಅವರಿಗೆಂದು ಒಂದು ಹೊಂದಿಕೆ ಮಾಡಿಟ್ಟಿದ್ದೆ. ಅದೂ ಒಂದೇ ಸಲಕ್ಕೆ ಆದದ್ದಲ್ಲ. ಕೆಲಸ ಮುಗಿಸಿ ನೇರ ಕ್ಲಿನಿಕ್ಕಿಗೆ ಬಂದು, ಮೋಟರು ಹೇಗೆ ಕೇಳಿಸಿತು, ಹೇಗೆ ಕೇಳಿಸಬೇಕಾಗಿತ್ತು ಎಂದು ಬಾಯಲ್ಲೇ ಗುರ್, ಗರ್ ಎಂದು ಸದ್ದು ಮಾಡಿ ತೋರಿಸುತ್ತಿದ್ದರು. ಹೊರಗೆ ಕಾಯುತ್ತಿದ್ದವರು ಬಾಗಿಲ ಸಂದಿಯಿಂದ ಇಣುಕುತ್ತಿದ್ದರು.

ಆ ಹೊಂದಿಕೆ ಮಾಡುವ ಸಾಫ್ಟ್‌ವೇರು ನಡೆಯುವುದು ಎಲ್ಲರೂ ಬಿಟ್ಟುಹಾಕಿದ ಒಂದು ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಮೇಲೆ ಮಾತ್ರ. ನನ್ನ ಹಳೆಯ ಕಂಪ್ಯೂಟರು ಸತ್ತಾಗ ವಾರಗಟ್ಟಲೆ ಓದಿ, ಹೊಸ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಶೀನ್ ಅನ್ನುತ್ತಾರಲ್ಲ, ಅದನ್ನು ಕಟ್ಟಿಕೊಂಡೆ. ಪರದೆಯ ಮೇಲೆ ಒಂದು ಕಿಟಕಿ; ಆ ಕಿಟಕಿಯೊಳಗೆ ಹಳೆಯ ಕಂಪ್ಯೂಟರು ತನಗೆ ಏನೂ ಆಗಿಲ್ಲವೆಂಬಂತೆ ನಡೆಯುತ್ತಿರುತ್ತದೆ. ಇದನ್ನು ನಾನೇ ಮಾಡಿದ್ದೆಂದು ನನಗೆ ಸೊಕ್ಕಿತ್ತು. ಪವಾಯಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಅಣ್ಣನಿಗೂ ಎರಡು ಸಲ ಫೋನ್ ಮಾಡಿ ಹೇಳಿಕೊಂಡಿದ್ದೆ.

ಕಳೆದ ಮಳೆಗಾಲದ ನಂತರ ಕಾಕಾನ ಮಶೀನು ರಿಪೇರಿಗೆ ಹೋಯಿತು. ಬೆವರು ಒಳಗೆ ಹೋಗಿತ್ತು. ರಿಪೇರಿಯೇನೋ ಆಯಿತು, ಆದರೆ ಅದರೊಳಗಿನ ಹೊಂದಿಕೆಯೆಲ್ಲ ಅಳಿಸಿಹೋಗಿ ವಾಪಸ್ ಬಂತು. ನನ್ನ ಕಂಪ್ಯೂಟರಿನಲ್ಲಿ ಅವರ ಫೈಲು ಇತ್ತಲ್ಲ, ಅರ್ಧ ಗಂಟೆಯ ಕೆಲಸ ಎಂದು ಶನಿವಾರ ಮಧ್ಯಾಹ್ನ ಕರೆಸಿದೆ. ಸೋಮವಾರ ದಾದರಿನ ಒಂದು ಹಳೆಯ ಬಿಲ್ಡಿಂಗಿನ ಲಿಫ್ಟನ್ನು ಅವರು ಪರೀಕ್ಷೆ ಮಾಡಿ, ಓಡಿಸಬಹುದು ಎಂದು ಸಹಿ ಹಾಕಬೇಕಾಗಿತ್ತು.

ಆ ವಾರವೇ ಲ್ಯಾಪ್‌ಟಾಪು ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಗಿತ್ತು, ವರ್ಚುವಲ್ ಮಶೀನಿನ ಸಾಫ್ಟ್‌ವೇರೂ ಕೂಡ. ಕಿವಿಯ ಮಶೀನನ್ನೂ ಕಂಪ್ಯೂಟರನ್ನೂ ಮಾತಾಡಿಸಲು ಅಂಗೈಯಷ್ಟು ದೊಡ್ಡ ಒಂದು ಡಬ್ಬಿ ಇದೆ. ಅದರ ವಯರನ್ನು ಚುಚ್ಚಿದ್ದೇ ತಡ, ಕಿಟಕಿಯೊಳಗಿನ ಹಳೆಯ ಕಂಪ್ಯೂಟರು ನೀಲಿ ಪರದೆ ತೋರಿಸಿ ಮೂರ್ಛೆ ಹೋದವರಂತೆ ಬಿತ್ತು. ಎಬ್ಬಿಸಿದೆ. ಚುಚ್ಚಿದೆ. ಮತ್ತೆ ಬಿತ್ತು.

ನನಗೆ ಪಿತ್ತ ಕೆದರಿತು. ಹಳೆಯದಕ್ಕೆ ಶಕ್ತಿ ಸಾಲುತ್ತಿಲ್ಲ ಅಂದುಕೊಂಡು ಮೆಮೊರಿ ಎರಡು ಪಟ್ಟು ಕೊಟ್ಟೆ. ಒಂದು ಪ್ರೊಸೆಸರ್ ಇದ್ದದ್ದನ್ನು ಎರಡು ಮಾಡಿದೆ. ಹೊಸ ಡ್ರೈವರು ಹಾಕಿದೆ, ಪರದೆಯ ಸೆಟ್ಟಿಂಗ್ ಬದಲಿಸಿದೆ. ಈಗ ವಯರು ಚುಚ್ಚುವ ಮೊದಲೇ ಬೀಳತೊಡಗಿತು. ಎದುರಿನ ಕುರ್ಚಿಯಲ್ಲಿ ಕಾಕಾ ಕೈಕಟ್ಟಿ ಕೂತಿದ್ದರು. ಕಿವಿಯಲ್ಲಿ ಮಶೀನಿಲ್ಲದ್ದರಿಂದ ನನ್ನ ಬೈಗುಳ ಅವರಿಗೆ ಕೇಳಿಸುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ನನ್ನ ಮಾನ ಉಳಿಯಿತು.

ಎರಡು ಗಂಟೆ ಕಳೆದ ಮೇಲೆ ಒಂದು ಚೀಟಿ ಹರಿದು ಬರೆದೆ: ‘ಇದು ಆಗುವುದಿಲ್ಲ. ವಯಸ್ಸೂ ಆಯ್ತಲ್ಲ ಕಾಕಾ, ಲಿಫ್ಟಿನ ಕೆಲಸ ಇನ್ನು ಸಾಕು ಮಾಡಿ.’ ನನ್ನ ಕೈಲಾಗದ್ದನ್ನು ಅವರ ವಯಸ್ಸಿನ ಮೇಲೆ ಹಾಕಿದೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಅವರು ಕನ್ನಡಕ ಹಾಕಿ ಓದಿ, ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಕೇಳದವರೆಲ್ಲರ ಹಾಗೆ ಸ್ವಲ್ಪ ದೊಡ್ಡ ದನಿಯಲ್ಲಿ ಹೇಳಿದರು: “ಖರೇ ಅದರಿ ಬಾಯಾರ. ಕೇಳದಾಂವ ಸಹಿ ಮಾಡಬಾರದು. ಒಳಗ ಮಂದಿ ನಿಂತಿರ್ತಾರ. ಸೋಮವಾರ ಹೋಗಿ ಮೋಟರ್ ರೂಮಿನ ಕೀಲಿ ಕೊಟ್ಟ ಬರ್ತೀನಿ.”

ಕೇಳಿಸುತ್ತದೆ ಎಂದು ಸುಳ್ಳು ಹೇಳಿ ಸಹಿ ಹಾಕಿದ್ದರೆ ಅವರನ್ನು ಕೇಳುವವರು ಯಾರೂ ಇರಲಿಲ್ಲ. ಅದು ಅವರ ತಲೆಗೇ ಬಂದಿರಲಿಲ್ಲ. ಅಷ್ಟು ವರ್ಷದ ಕೆಲಸವನ್ನು ಬಿಡುತ್ತೇನೆಂದು ಹೇಳಿ, ಅವರು ಎದ್ದೂ ಹೋಗಲಿಲ್ಲ. ನನ್ನ ಲ್ಯಾಪ್‌ಟಾಪಿನ ಕಡೆ ಕುರ್ಚಿ ಎಳೆದುಕೊಂಡರು.

“ಒಂದ ಮಾತು ಕೇಳ್ತೀನಿ. ಇದು ಕಡೀಕ ಯಾವಾಗ ಬರೋಬ್ಬರಿ ನಡೀತಿತ್ತು? ಅಲ್ಲಿಂದ ಇಲ್ಲೀತನಕ ಏನೇನ ಬದಲಾತು?”

ಬರೆದು ತೋರಿಸಿದೆ. ಅಪ್‌ಡೇಟ್ ಒಂದು ಸಾಲು. ನಾನು ಆ ಮಧ್ಯಾಹ್ನ ಮಾಡಿದ್ದು ಐದಾರು ಸಾಲು. ಅವರು ನನ್ನ ಸಾಲುಗಳ ಮೇಲೆ ಬೆರಳಿಟ್ಟರು.

“ಇವೆಲ್ಲಾ ಮೊದಲಿದ್ದಂಗ ಮಾಡ್ರಿ. ಒಮ್ಮೆಗೇ ನಾಕ ನಟ್ಟು ತಿರುವಿದ್ರ ಯಾವ ನಟ್ಟಿನಿಂದ ಏನಾತು ಅಂತ ಹೆಂಗ ಗೊತ್ತಾಗಬೇಕರಿ?”

ಮುಖ ಗಂಟಿಕ್ಕಿಕೊಂಡೇ ಒಂದೊಂದಾಗಿ ವಾಪಸ್ ಮಾಡಿದೆ.

“ಈಗ ಖಾಲಿ ಓಡಸ್ರಿ. ಡಬ್ಬಿ ಹಚ್ಚಬ್ಯಾಡ್ರಿ.”

ಲಿಫ್ಟನ್ನು ಮೊದಲು ಜನರಿಲ್ಲದೆ ಓಡಿಸಿ ನೋಡುವುದು ಅವರ ಪದ್ಧತಿ. ಓಡಿಸಿದೆ. ಹತ್ತು ನಿಮಿಷವಾದರೂ ಬೀಳಲಿಲ್ಲ. ಸಾಫ್ಟ್‌ವೇರು ತೆರೆದುಕೊಂಡಿತು, ಕಾಕಾನ ಫೈಲೂ ಅಲ್ಲೇ ಕ್ಷೇಮವಾಗಿತ್ತು. ಅಂದರೆ ಹಳೆಯ ಕಂಪ್ಯೂಟರು ಚೆನ್ನಾಗಿಯೇ ಇತ್ತು. ಡಬ್ಬಿ ಬಂದಾಗ ಮಾತ್ರ ತೊಂದರೆ. ಎರಡು ಗಂಟೆಯಲ್ಲಿ ನಾನು ಕಂಡುಕೊಳ್ಳದ್ದು ಇಷ್ಟೇ.

“ಈಗ ಹಚ್ಚ್ರಿ,” ಎಂದರು. ನಾನು ಪರದೆ ನೋಡುತ್ತಿದ್ದೆ, ಅವರು ಡಬ್ಬಿಯ ಮೇಲಿನ ಸಣ್ಣ ದೀಪ ನೋಡುತ್ತಿದ್ದರು. ನೀಲಿ ಪರದೆ ಬಂತು.

“ಇನ್ನೊಮ್ಮೆ.” ಮತ್ತೆ ನೀಲಿ.

ಅವರು ತಲೆಯಾಡಿಸಿದರು. “ಮೊದಲ ಈ ದೀಪ ಸಾವಕಾಶ ಮಿಣುಕತಿತ್ತು. ಈಗ ಪಟಪಟ ಅಂತದ, ಆಮ್ಯಾಲ ನೀಲಿ ಬರ್ತದ.”

ಹನ್ನೊಂದು ವರ್ಷದಲ್ಲಿ ಆ ದೀಪ ಹೇಗೆ ಮಿಣುಕುತ್ತದೆಂದು ನಾನು ಒಂದು ಸಲವೂ ನೋಡಿರಲಿಲ್ಲ. ನೋಡುವ ಅಗತ್ಯವಾದರೂ ಏನಿತ್ತು? ಆದರೆ ಕಾಕಾ ಪ್ರತಿ ಸಲ ಬಂದಾಗಲೂ ಮಶೀನು ನನ್ನ ಕೈಗೆ ಕೊಟ್ಟು, ಏನೂ ಕೇಳಿಸದೆ ಈ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅಷ್ಟು ಹೊತ್ತು ಅವರಿಗೆ ನೋಡಲಿಕ್ಕಿದ್ದದ್ದು ಆ ದೀಪ ಒಂದೇ. ಕಂಪ್ಯೂಟರನ್ನು ಜನ್ಮದಲ್ಲಿ ಮುಟ್ಟದ ಮನುಷ್ಯ ಕೂತಲ್ಲೇ ಅದರ ನಾಡಿ ಕಲಿತಿದ್ದರು.

“ಡಬ್ಬಿ ಭಾಳ ಜಲ್ದಿ ಮಾತಾಡಾಕತ್ತದರಿ,” ಎಂದರು. “ಒಳಗಿನ ಮುದುಕಗ ತಿಳಿವಲ್ದು. ನೀವ ಅವನ ಕಿವ್ಯಾಗ ಇನ್ನಷ್ಟ ಜೋರ ಒದರಾಕತ್ತೀರಿ. ಒದರಬ್ಯಾಡ, ಸಾವಕಾಶ ಮಾತಾಡು ಅಂತ ನಮ್ಮ ಸೊಸೀಗೆ ಹೇಳಿದವರು ನೀವೇ ಅಲ್ಲೇನ್ರಿ?”

ಹೌದು, ನಾನೇ. ಎರಡು ಪಟ್ಟು ಮೆಮೊರಿ, ಎರಡು ಪ್ರೊಸೆಸರು, ಎಲ್ಲ ಕೂಗಾಟವೇ.

ಡಬ್ಬಿ ಎಷ್ಟು ವೇಗದಲ್ಲಿ ಮಾತಾಡಬೇಕೆಂದು ಹೇಳುವ ಜಾಗವೊಂದು ವರ್ಚುವಲ್ ಮಶೀನಿನ ಸೆಟ್ಟಿಂಗಿನಲ್ಲಿ ಇರುತ್ತದೆ. ಹೋಗಿ ನೋಡಿದೆ. ಹಳೆಯ ಬಗೆಯ ಯುಎಸ್‌ಬಿ ಇದ್ದದ್ದನ್ನು ಅಪ್‌ಡೇಟು ಹೊಸ, ವೇಗದ ಬಗೆಗೆ ಬದಲಿಸಿಬಿಟ್ಟಿತ್ತು. ಅಲ್ಲಿದ್ದವುಗಳಲ್ಲೇ ಎಲ್ಲಕ್ಕಿಂತ ನಿಧಾನದ್ದನ್ನು ಆರಿಸಿದೆ. ಜೊತೆಗೆ ಇನ್ನೊಂದನ್ನೂ ಸರಿಮಾಡೋಣವೆಂದು ನಾನು ಕೈ ಚಾಚಿದ್ದನ್ನು ಕಂಡು ಕಾಕಾ ಮೇಜಿನ ಮೇಲೆ ಬೆರಳಿನಿಂದ ಟಕ್ ಎಂದು ಬಡಿದರು.

“ಅದೊಂದ. ಬ್ಯಾರೆ ಮುಟ್ಟಬ್ಯಾಡ್ರಿ.”

ವಯರು ಚುಚ್ಚಿದೆ. ದೀಪ ಸಾವಕಾಶ ಮಿಣುಕಿತು. ನಿಂತಿತು. ಮತ್ತೆ ಮಿಣುಕಿತು. ನೀಲಿ ಪರದೆ ಬರಲಿಲ್ಲ. ಪಕ್ಕದ ಉಡುಪಿ ಹೋಟೆಲಿನಿಂದ ತರಿಸಿದ ಚಹಾ ಆರಿ ಕೆನೆಗಟ್ಟಿತು, ಇಬ್ಬರೂ ಲೋಟ ಮುಟ್ಟಲಿಲ್ಲ. ಇಪ್ಪತ್ತು ನಿಮಿಷ ಹಿಡಿಯಿತು, ಆದರೆ ಹನ್ನೊಂದು ವರ್ಷದ ಹೊಂದಿಕೆ ಒಂದಕ್ಷರ ಬಿಡದೆ ಅವರ ಮಶೀನಿಗೆ ಇಳಿಯಿತು. ಕಿವಿಗೆ ಹಾಕಿಕೊಂಡು ಅವರು ತಲೆಯೆತ್ತಿ ಫ್ಯಾನಿನ ಕಡೆ ನೋಡಿದರು, ಎಸಿಯ ಕಡೆ ನೋಡಿದರು, ಆಮೇಲೆ ತಣ್ಣಗಾದ ಚಹಾ ಒಂದೇ ಗುಟುಕಿಗೆ ಕುಡಿದು ಹೊರಟುಹೋದರು. ಚೀಟಿಯ ವಿಷಯ ಇಬ್ಬರೂ ಎತ್ತಲಿಲ್ಲ. ಎತ್ತಬೇಕಾದವಳು ನಾನು.

ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನ್ ಬಂತು. ಫೋನೆಂದರೆ ದೂರ ಓಡುವ ಕಾಕಾ.

“ಬಾಯಾರ, ಒಂದ ನಿಮಿಷ ಸುಮ್ಮಕ ಕೇಳ್ರಿ,” ಎಂದು ಫೋನನ್ನು ಮೋಟರಿನ ಹತ್ತಿರ ಹಿಡಿದರು. ಹಿಂದೆ ಯಾರೋ ಹಿಂದಿಯಲ್ಲಿ, ಇನ್ಯಾರೋ ಮರಾಠಿಯಲ್ಲಿ ರೇಗುತ್ತಿದ್ದರು.

“ಏನ ಕೇಳಸ್ತದರಿ?”

“ಮೋಟರ್ ಓಡುವ ಸದ್ದು.”

“ಅದರ ಒಳಗ?”

ಇನ್ನೊಮ್ಮೆ ಹಿಡಿದರು, ಮತ್ತೊಮ್ಮೆ ಹಿಡಿದರು. ವರ್ಷಕ್ಕೊಮ್ಮೆ ನನ್ನ ಕಿವಿಯನ್ನೂ ನಾನೇ ಪರೀಕ್ಷೆ ಮಾಡಿಕೊಳ್ಳುತ್ತೇನೆ. ಒಂದು ಕೊರತೆಯೂ ಇಲ್ಲ. ಆ ಕಿವಿಯನ್ನು ಫೋನಿಗೆ ಒತ್ತಿಹಿಡಿದು ಕೇಳಿದೆ. “ಏನೂ ಇಲ್ಲ ಕಾಕಾ,” ಎಂದೆ.

“ಅದ ರೀ. ಮ್ಯಾಲ ಹೋಗುವಾಗ ಒಂದ ಸಣ್ಣ ಟಕ್ ಅದ. ಬಿಚ್ಚಿ ನೋಡಿದ್ರ ಬೇರಿಂಗ್ ಒಡದದ. ಸಹಿ ಮಾಡಿಲ್ಲರಿ, ಮಂದಿಗೆ ಲಿಫ್ಟ್ ಬಂದ್ ಮಾಡೀನಿ, ನಿಮಗ ಕೇಳಸಾಕಷ್ಟ ಖಾಲಿ ಓಡಸೀನಿ. ಬಿಲ್ಡಿಂಗಿನವರು ಬೈಯಾಕತ್ತಾರ, ಬೈಲಿ.”

ಆ ಗದ್ದಲದಲ್ಲಿ ಅವರಿಗೆ ಕೇಳಿಸದೇ ಹೋದೀತೆಂದು ದನಿಯೆತ್ತಿ ಕೂಗಿದೆ: “ಕಾಕಾ, ಶನಿವಾರ ನಾನು ಬರೆದ ಚೀಟಿ ಇದೆಯಲ್ಲ, ಅದನ್ನು ಹರಿದು ಬಿಸಾಡಿ. ನನ್ನದು ತಪ್ಪಾಯ್ತು.”

“ಒದರಬ್ಯಾಡ್ರಿ, ಕೇಳಸ್ತದ,” ಎಂದರು ಕಾಕಾ. “ಆ ಚೀಟಿಲೇ ಈಗಷ್ಟ ಕೈಯಾಗಿನ ಗ್ರೀಸ್ ಒರಸೀನಿ.”