ಡಾಕ್ಟರನ್ನು ಎಬ್ಬಿಸುವ ಇಂಗ್ಲಿಷು

ಬೆಳಗಿನ ಆರೂವರೆ. ಫಿಲಿಪ್ಪೀನ್ಸಿನ ಇಲೋಯ್ಲೊ ನಗರದ ಆಸ್ಪತ್ರೆಯೊಂದರ ಹಿಂಬದಿ ಗೇಟಿನಿಂದ ರಾತ್ರಿ ಪಾಳಿ ಮುಗಿಸಿದ ನರ್ಸುಗಳು ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದಾರೆ. ಎದುರಿನ ತಗಡಿನ ಸೂರಿನ ಖಾನಾವಳಿಯಲ್ಲಿ ಮೂಳೆ ಬೇಯಿಸಿ ನೂಡಲ್ಸ್ ಹಾಕುವ ಬಾಚೊಯ್ ಸಾರು ಕುದಿಯುತ್ತಿದೆ. ಮೂಲೆಯ ಉದ್ದ ಮೇಜಿನ ತುದಿಯಲ್ಲಿ ಕೂತ ಇವಾಂಜೆಲೀನ್ ಪಾರ್ಕೋನ್ ಎಲ್ಲರಿಗಿಂತ ಮೊದಲು ಬಂದಿದ್ದಾರೆ. ಈ ಮೇಜಿನಲ್ಲಿ ಅವರಿಗೆ ಅಷ್ಟುದ್ದದ ಹೆಸರಿಲ್ಲ. ವಾಂಜಿ ಮ್ಯಾಮ್, ಅಷ್ಟೆ. ಹುಡುಗಿಯರೆಲ್ಲ ಇಲ್ಲಿ 'ಇಂದಾಯ್', ಅಂದರೆ ಮಗಳೇ.

"ಹೇಳು ಇಂದಾಯ್, ಇವತ್ತು ನಿನ್ನ ಪೇಷೆಂಟ್ ಯಾರು?"

"ಎವಿಡೆನ್ಸ್, ಮ್ಯಾಮ್." ಹುಡುಗಿ ನೂಡಲ್ಸ್ ನುಂಗಿ ಎದ್ದು ನಿಲ್ಲುತ್ತಾಳೆ.

"ಜೊತೆಗೆ ಯಾರಿದ್ದಾರೆ?"

"ಸ್ಟ್ರಾಂಗ್ ಇದ್ದಾನೆ. ಕ್ಲಿಯರ್ ಕೂಡ ಆಗಾಗ ಬಂದು ನೋಡ್ಕೊಂಡು ಹೋಗ್ತಾನೆ."

"ಯಾರು ಬಂದ್ರೆ ಆಗಲ್ಲ?"

"ಬಿಗ್. ಅವನು ಹತ್ರ ಬಂದ್ರೆ ಮೈಯೆಲ್ಲ ದದ್ದು."

ಮೇಜಿನ ಸುತ್ತ ನಗು. ಪಾಳಿ ಬದಲಾಗುವಾಗ ನರ್ಸುಗಳು ರೋಗಿಗಳನ್ನು ಒಬ್ಬರಿಂದ ಒಬ್ಬರಿಗೆ ಒಪ್ಪಿಸುವಂತೆ, ಇಲ್ಲಿ ಪದಗಳನ್ನು ಒಪ್ಪಿಸುತ್ತಾರೆ. ಪದ ಎಲ್ಲಿಂದ ಬಂತು, ಅದರ ಪಕ್ಕ ಯಾರು ಕೂರುತ್ತಾರೆ, ಯಾವುದು ಅದಕ್ಕೆ ಒಗ್ಗುವುದಿಲ್ಲ. ವಿದೇಶದ ಆಸ್ಪತ್ರೆಗೆ ಹೋಗಬೇಕಾದರೆ ಇಂಗ್ಲಿಷ್ ಪರೀಕ್ಷೆ ದಾಟಬೇಕು. ಆ ಪರೀಕ್ಷೆ ಕೇಳುವುದು ವಾರ್ಡಿನ ಇಂಗ್ಲಿಷನ್ನಲ್ಲ, ವಿಶ್ವವಿದ್ಯಾಲಯದ ಇಂಗ್ಲಿಷನ್ನು. ವಾಂಜಿ ಮ್ಯಾಮ್ ಈ ಎರಡರ ನಡುವೆ ದಿನವೂ ಬೆಳಗ್ಗೆ ಓಡಾಡುತ್ತಾರೆ.

ಇವತ್ತು ಮಾತ್ರ ಎಲ್ಲರ ಕಣ್ಣು ಬೇರೊಂದು ಕಡೆಗಿದೆ. ಜೋವೆಲಿನ್ ತೂಪಾಸ್ ತನ್ನ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟು, ಬಟ್ಟಲನ್ನು ಮುಟ್ಟದೆ ಕೂತಿದ್ದಾಳೆ. ಮೂರನೆಯ ಸಲ ಬರೆದ ಪರೀಕ್ಷೆಯ ಫಲಿತಾಂಶ ಇವತ್ತು ಬರಬೇಕು. ಬರವಣಿಗೆಯಲ್ಲಿ ಒಂಬತ್ತಕ್ಕೆ ಆರೂವರೆ ಅಂಕ ಬೇಕು. ಹಿಂದಿನ ಎರಡು ಸಲವೂ ಬಂದದ್ದು ಆರು. ಇಂಗ್ಲೆಂಡಿನ ಆಸ್ಪತ್ರೆ ಅವಳ ಜಾಗವನ್ನು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯ್ದಿರಿಸಿದೆ. ನಾಲ್ಕನೆಯ ಪರೀಕ್ಷೆಗೆ ಸಮಯವಿಲ್ಲ. ಗಂಡ ಆಗಲೇ ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸದಲ್ಲಿದ್ದಾನೆ. ಎಂಟು ವರ್ಷದ ಮಗಳಿಗೆ ಅಪ್ಪ ಎಂದರೆ ಫೋನಿನ ಪರದೆಯ ಮೇಲಿನ ಮುಖ.

"ತಿನ್ನು ಇಂದಾಯ್. ಖಾಲಿ ಹೊಟ್ಟೇಲಿ ಪಾಸಾದ್ರೂ ತಲೆ ಸುತ್ತುತ್ತೆ" ಎನ್ನುತ್ತಾರೆ ಸಾರಿನ ಕೊಪ್ಪರಿಗೆಯ ಹಿಂದಿನಿಂದ ನೊಂಗ್ ಬೆರ್ತಿಂಗ್. ಖಾನಾವಳಿ ಅವರದು. ವಾಂಜಿ ಮ್ಯಾಮ್ ಅವರ ಗಂಡ ಇವರು. "ಮೇಡಂ ಪಾಠದಿಂದ ಯಾರೂ ಪಾಸಾಗಿಲ್ಲ. ಎಲ್ಲಾ ನನ್ನ ಸಾರಿಂದ."

"ಹೌದೌದು. ಪರೀಕ್ಷೇಲಿ ಮೂಳೆ ಎಣಿಸೋಕೆ ಹೇಳ್ತಾರೆ" ಎಂದು ತಿರುಗಿಯೂ ನೋಡದೆ ಹೆಂಡತಿ ಉತ್ತರಿಸುತ್ತಾರೆ.

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ವಾಂಜಿ ಮ್ಯಾಮ್ ಈ ಕೆಲಸಕ್ಕೆ ಬಿದ್ದದ್ದು ಗಂಡನ ಹೊಟ್ಟೆನೋವಿನಿಂದ. ಕೆಲವು ವರ್ಷಗಳ ಹಿಂದೆ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ಎಲ್ಲರೂ ವಾಯು ಎಂದುಕೊಂಡಿದ್ದರು. ಪಾಳಿಯಲ್ಲಿದ್ದ ನರ್ಸ್ ಹುಡುಗಿಯೊಬ್ಬಳು ಮಾತ್ರ ಒಪ್ಪಲಿಲ್ಲ.

"ಡಾಕ್ಟರಿಗೆ ಫೋನ್ ಮಾಡಿದ್ಲು. ದನಿ ನಡುಗ್ತಿತ್ತು, ಆದ್ರೆ ಫೋನ್ ಇಡ್ಲಿಲ್ಲ. 'ಇದು ಬರೀ ವಾಯು ಇರಲಿಕ್ಕಿಲ್ಲ ಡಾಕ್ಟರ್, ಹೊಟ್ಟೆ ಹಲಗೆ ಹಾಗಾಗಿದೆ, ನೀವು ಬಂದು ನೋಡೋದು ಒಳ್ಳೇದು ಅನ್ಸುತ್ತೆ' ಅಂದ್ಲು. ಅವರು ಬಂದ್ರು. ಅಪೆಂಡಿಕ್ಸ್ ಒಡೆಯೋದ್ರಲ್ಲಿತ್ತು" ಎಂದು ಹೇಳುವಾಗ ಅವರ ನೋಟ ಕೊಪ್ಪರಿಗೆಯತ್ತ ಹೋಗಿ ಬರುತ್ತದೆ. ಅದೇ ಹುಡುಗಿ ಇಂಗ್ಲಿಷ್ ಪರೀಕ್ಷೆಯಲ್ಲಿ ಪದೇಪದೇ ಸೋಲುತ್ತಿದ್ದಾಳೆಂದು ತಿಳಿದಾಗ, ಇದೇ ಮೇಜಿಗೆ ಕರೆದು ಕೂರಿಸಿದರು. ಅವಳು ಪಾಸಾಗಿ ವಿದೇಶಕ್ಕೆ ಹೋದಳು. ಅವಳ ಗೆಳತಿಯರು ಬಂದರು.

ಪಾಠಕ್ಕೆ ಕೋಣೆಯಿಲ್ಲ, ಕರಿಹಲಗೆಯಿಲ್ಲ. ಮಳೆಗಾಲದಲ್ಲಿ ನೀರು ಒಳಗೆ ನುಗ್ಗಿದರೆ ಎಲ್ಲರೂ ಕಾಲನ್ನು ಬೆಂಚಿನ ಮೇಲೆ ಮಡಚಿಕೊಂಡು ಪಾಠ ಕೇಳುತ್ತಾರೆ. ಜನ ತುಂಬಿ ಓಡುವ ಜೀಪ್ನಿಗಳ ಹಾರ್ನನ್ನು ಮೀರಿಸಿ ಕೂಗಿ ಕೂಗಿ ಮ್ಯಾಮ್ ಅವರ ಗಂಟಲು ಒರಟಾಗಿದೆ. ಹನ್ನೆರಡು ಗಂಟೆ ನಿಂತು ಬಂದವರು ಪದದ ಅರ್ಧದಲ್ಲೇ ನಿದ್ದೆಗೆ ಜಾರುತ್ತಾರೆ. ಮ್ಯಾಮ್ ಎಬ್ಬಿಸುವುದಿಲ್ಲ. ಮೊಣಕೈ ತಾಗಿ ಬಿಸಿ ಬಟ್ಟಲು ಮಗುಚದಂತೆ ಅದನ್ನು ಮೆಲ್ಲಗೆ ಆಚೆ ಸರಿಸುತ್ತಾರೆ. ಎಸಿ ಇರುವ ತರಬೇತಿ ಕೇಂದ್ರವೊಂದು ಅವರನ್ನು ಕೆಲಸಕ್ಕೆ ಕರೆದಿತ್ತು. ಒಂದು ತಿಂಗಳಲ್ಲೇ ವಾಪಸಾದರು. "ಎಲ್ಲರಿಗೂ ಒಂದೇ ಪ್ರಬಂಧ ಬಾಯಿಪಾಠ ಮಾಡಿಸ್ತಾರೆ. ಎಲ್ಲಾ ಪೇಷೆಂಟಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ."

ಜೋವೆಲಿನ್ ಎರಡನೆಯ ಸಲ ಸೋತು ಬಂದಾಗ, ಪರೀಕ್ಷೆಯಲ್ಲಿ ಏನು ಬರೆದೆಯೋ ಅದನ್ನೇ ನೆನಪಿನಿಂದ ಬರೆದು ಕೊಡು ಎಂದರು. ವಯಸ್ಸಾದವರನ್ನು ನೋಡಿಕೊಳ್ಳಬೇಕಾದ್ದು ಮನೆಯವರೋ ಸರ್ಕಾರವೋ, ನಿಮ್ಮ ಅಭಿಪ್ರಾಯವೇನು ಎಂಬುದು ಪ್ರಶ್ನೆ. ಅವಳ ಉತ್ತರ ಥೇಟು ರೋಗಿಯ ಚಾರ್ಟಿನಂತಿತ್ತು. ಕೆಲವರು ಮನೆಯಲ್ಲಿದ್ದಾರೆ. ಕೆಲವರು ಆಶ್ರಮದಲ್ಲಿದ್ದಾರೆ. ದೂರುಗಳಿಲ್ಲ. ನಡುನಡುವೆ ಫೋನ್ ನೋಡಿ ಉರುಹೊಡೆದ ಭಾರಿ ಪದಗಳು ಬಾಡಿಗೆ ಕೋಟು ತೊಟ್ಟವರಂತೆ ನಿಂತಿದ್ದವು. ತಪ್ಪಾದ ಕಡೆ ಚಾರ್ಟಿನಲ್ಲಿ ಮಾಡುವಂತೆಯೇ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದ್ದಳು.

"ನಿನ್ನ ಅಭಿಪ್ರಾಯ ಎಲ್ಲಿ?"

"ಅಭಿಪ್ರಾಯ ಬರೀಬಾರ್ದಲ್ಲ ಮ್ಯಾಮ್. ಕಂಡಿದ್ದಷ್ಟೇ ಬರೀಬೇಕು. ಮೊದಲ ವರ್ಷದಿಂದ ಬೈಸ್ಕೊಂಡು ಕಲ್ತಿದ್ದೀನಿ."

"ಡಾಕ್ಟರಿಗೆ ಫೋನ್ ಮಾಡ್ದಾಗ?"

"ಅದು ಬೇರೆ. ಅಲ್ಲಿ... ಮೆತ್ತಗೆ ಹೇಳ್ತೀವಿ. ಹೀಗಿರಬಹುದು, ಹಾಗನ್ಸುತ್ತೆ ಅಂತ."

ಪರೀಕ್ಷೆ ಕೇಳುವುದು ಆ ಮೆತ್ತನೆಯ ಮಾತನ್ನೇ ಎಂದು ವಾಂಜಿ ಮ್ಯಾಮ್ ಅವಳಿಗೆ ಬಿಡಿಸಿ ಹೇಳಿದರು. ವಿದ್ವಾಂಸರೂ ಹಾಗೆಯೇ ಬರೆಯುತ್ತಾರೆ: ಸಾಕ್ಷ್ಯ ಹೀಗೆ ಸೂಚಿಸುತ್ತದೆ, ಇದು ಬಹುಶಃ ಹೀಗಿರಬಹುದು. ಅಂದಿನಿಂದ ದಿನಕ್ಕೊಂದು ವಿಷಯ. ಮ್ಯಾಮ್ ನಿದ್ದೆಗಣ್ಣಿನ ಸಿಡುಕು ಡಾಕ್ಟರಾಗಿ ಚಮಚವನ್ನು ಫೋನಿನಂತೆ ಕಿವಿಗೆ ಹಿಡಿಯುತ್ತಿದ್ದರು. ಜೋವೆಲಿನ್ ಇಂಗ್ಲಿಷಿನಲ್ಲಿ ವಾದಿಸಿ ಅವರನ್ನು ಹಾಸಿಗೆಯಿಂದ ಎಬ್ಬಿಸಬೇಕಿತ್ತು.

"ನಾಳೆ ನೋಡೋಣ, ಫೋನ್ ಇಡು" ಎಂದು ಡಾಕ್ಟರು ಗುಡುಗಿದರೆ, ಉಳಿದವರು "ಇಡಬೇಡ ಇಂದಾಯ್! ಕಾರಣ ಕೊಡು, ಕಾರಣ ಕೊಡು!" ಎಂದು ಮೇಜು ಕುಟ್ಟುತ್ತಿದ್ದರು.

ಏಳು ಗಂಟೆ ದಾಟುತ್ತಿದ್ದಂತೆ ಬೋರಲಾಗಿದ್ದ ಫೋನು ಮೇಜಿನ ಮೇಲೆ ನಡುಗುತ್ತದೆ. ಜೋವೆಲಿನ್ ಅದನ್ನು ಮ್ಯಾಮ್ ಕಡೆಗೆ ತಳ್ಳುತ್ತಾಳೆ.

"ಮ್ಯಾಮ್, ನೀವೇ ನೋಡಿ."

"ನನ್ನ ಕೈಲಾಗಲ್ಲ. ನನ್ನ ಎದೆ ನಿನಗಿಂತ ಜಾಸ್ತಿ ಹೊಡ್ಕೋತಿದೆ."

ಜೋವೆಲಿನ್ ಫೋನ್ ತಿರುಗಿಸುತ್ತಾಳೆ. ತುಂಬ ಹೊತ್ತು ನೋಡುತ್ತಾಳೆ. ಆಮೇಲೆ ಪಕ್ಕದವಳ ಮುಂದೆ ಹಿಡಿದು, "ಇದು ಆರೂವರೆ ತಾನೆ? ನಂಗೆ ಸರಿಯಾಗಿ ಕಾಣ್ತಿಲ್ಲ" ಎನ್ನುತ್ತಾಳೆ.

"ಆರೂವರೆ! ಕಣ್ಣು ಒರೆಸ್ಕೊಂಡು ನೋಡು, ಆರೂವರೆ!"

ಮೇಜಿನ ಬಟ್ಟಲುಗಳೆಲ್ಲ ಕುಣಿಯುತ್ತವೆ. ನೊಂಗ್ ಬೆರ್ತಿಂಗ್ ಸೌಟು ಎತ್ತಿ, "ಸಾರು! ಹೇಳಿದ್ನಲ್ಲ, ಸಾರು!" ಎಂದು ಕೂಗುತ್ತಾರೆ. ವಾಂಜಿ ಮ್ಯಾಮ್ ಮಾತ್ರ ಎರಡೂ ಅಂಗೈಗಳನ್ನು ಮೇಜಿಗೆ ಊರಿ, ಬಹಳ ದಿನಗಳಿಂದ ಹಿಡಿದಿಟ್ಟ ಉಸಿರನ್ನು ಬಿಡುವವರಂತೆ ಬಾಗಿ ಕೂರುತ್ತಾರೆ. ಜೋವೆಲಿನ್ ಅವರ ಹೆಗಲಿಗೆ ಮುಖವಿಟ್ಟು ಅಳುತ್ತಾಳೆ, ನಗುತ್ತಾಳೆ. ಗಂಡನಿಗೆ ಫೋನ್ ಮಾಡಲು ಹೋಗಿ ತಡೆಯುತ್ತಾಳೆ.

"ಅಲ್ಲೀಗ ನಡುರಾತ್ರಿ. ಮಲಗಿರ್ತಾರೆ ಪಾಪ."

"ಏಳಲಿ ಬಿಡೇ! ಇದಕ್ಕೂ ಏಳದಿದ್ರೆ ಇನ್ಯಾವುದಕ್ಕೆ ಏಳ್ತಾನೆ?" ಎನ್ನುತ್ತಾಳೆ ಪಕ್ಕದವಳು.

ಅವಳು ಗಂಡನೊಂದಿಗೆ ಮಾತಾಡುತ್ತ ಗೇಟಿನ ಬಳಿ ಹೋದಾಗ ಮೇಜು ಸ್ವಲ್ಪ ತಣ್ಣಗಾಗುತ್ತದೆ. ನಿಮಗೇನು ಆಸೆ ಎಂದು ಪಕ್ಕದ ಹುಡುಗಿ ಕೇಳಿದರೆ ವಾಂಜಿ ಮ್ಯಾಮ್ ತಣಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸುತ್ತಾರೆ.

"ಇಷ್ಟು ಜನರನ್ನ ಕಳಿಸಿದೀನಿ, ಒಬ್ಬರನ್ನೂ ವಿಮಾನ ಹತ್ತಿಸೋಕೆ ಹೋಗಿಲ್ಲ. ಎಲ್ಲಾ ಬೆಳಗಿನ ವಿಮಾನ, ಇಲ್ಲಿ ಪಾಠ ಇರುತ್ತೆ. ಈ ಸಲ ಒಂದು ದಿನ ರಜೆ ಹಾಕ್ತೀನಿ. ಆ ಮಗು ಅಪ್ಪನ ಹತ್ರ ಹೊರಡೋದನ್ನ ನೋಡ್ಬೇಕು."